ಓನರ್ ಜೊತೆ ರೇಸು

ಬಸವೇಶ್ವರನಗರದ ಮುನಿವೆಂಕಟಪ್ಪನವರು ಮದ್ರಾಸಿಗೆ ಹೋದವರು ಬರುವಾಗ ಒಂದು ಕಾರು ಕೊಂಡು ತಂದರು. ಎಲ್ಲ ತಾಪತ್ರಯಕ್ಕೂ ಮೂಲ ಅದೇ. ಅವರಿಗೆ ಕಾರಿಗೇನೂ ಬರ ಇರಲಿಲ್ಲ. ಗೇಟಿನೊಳಗೆ ಬಿಳಿ ಅಂಬಾಸಿಡರ್ ನಿಂತಿತ್ತು, ಅದರ ಹಿಂದೆ ಟ್ರ್ಯಾಕ್ಟರ್ ಇತ್ತು. ಈಗ ಬಂದದ್ದು ಮೊರದಲ್ಲಿ ಕೂರಿಸಬಹುದಾದಷ್ಟು ಪುಟ್ಟ ಕಾರು. ಉದ್ದ ಆಂಟೆನಾ ಇದ್ದ ಒಂದು ಡಬ್ಬಿ ಹಿಡಿದು, ಅದರ ಮೇಲಿನ ಎರಡು ಕಡ್ಡಿಗಳನ್ನು ಅಲ್ಲಾಡಿಸಿದರೆ ಅದು ದೂರದಲ್ಲಿ ತಾನಾಗಿ ಓಡುತ್ತಿತ್ತು, ತಿರುಗುತ್ತಿತ್ತು. ಡಬ್ಬಿ ಮುನಿವೆಂಕಟಪ್ಪನವರ ಕೈಯಲ್ಲಿದ್ದರೆ ಗೋಡೆಗೆ ಹೊಡೆಯುತ್ತಿತ್ತು.

ಅವರಿಗೆ ಈ ಹುಚ್ಚು ಹಿಡಿಸಿದವನು ಅವರ ಬಾಡಿಗೆದಾರ ಅಂಜಿನಯ್ಯ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅವನು ಸ್ಟೋರ್ಸ್ ಗುಮಾಸ್ತ. ಹಿಂದಿನ ವರ್ಷ ಅಲ್ಲಿಗೆ ಹೊಸ ಯಂತ್ರ ಕೂಡಿಸಲು ತನಾಬೆ ಎಂಬ ಜಪಾನಿ ಇಂಜಿನಿಯರ್ ಬಂದಿದ್ದ. ಅವನಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೇ. ಊಟದ ಬಿಡುವಿನಲ್ಲಿ ಹೊತ್ತು ಹೋಗದೆ ಕಾರ್ಖಾನೆಯ ಅಂಗಳದಲ್ಲಿ ಇಂಥದೇ ಕಾರು ಓಡಿಸುತ್ತಿದ್ದ. ನೋಡುವವನು ಅಂಜಿನಯ್ಯನೊಬ್ಬನೇ. ಹೆಂಡತಿ ಇಂದ್ರಮ್ಮ ಕಟ್ಟಿಕೊಟ್ಟ ಮೊಸರನ್ನದಲ್ಲಿ ಅರ್ಧ ಪಾಲನ್ನು ಅವನು ತನಾಬೆಗೆ ಕೊಡುತ್ತಿದ್ದ. ಊರಿಗೆ ಹೊರಡುವ ದಿನ ತನಾಬೆ ತನ್ನ ಕಾರು, ರಿಮೋಟು, ಎರಡು ಚಾರ್ಜರು ಎಲ್ಲವನ್ನೂ ಅಂಜಿನಯ್ಯನ ಕೈಗಿಟ್ಟು, ನಡು ಬಗ್ಗಿಸಿ ಬಗ್ಗಿಸಿ ನಮಸ್ಕಾರ ಮಾಡಿ ಹೋದ. ಮೊಸರನ್ನಕ್ಕೆ ಇಷ್ಟು ಬೆಲೆ ಬಂದದ್ದನ್ನು ಇಂದ್ರಮ್ಮ ಅದುವರೆಗೆ ಕಂಡಿರಲಿಲ್ಲ.

ಕಾರು ಬಂದದ್ದೇನೋ ಸುಲಭವಾಗಿ. ಕಲಿಯುವುದು ಅಷ್ಟು ಸುಲಭವಿರಲಿಲ್ಲ. ಕಾರು ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ, ಬಲ ಎಂದರೆ ಬಲ. ಅದೇ ಕಾರು ತಿರುಗಿ ನಮ್ಮ ಕಡೆ ಬರುವಾಗ ಎಲ್ಲ ಅದಲು ಬದಲು. ಮೊದಮೊದಲು ಅಂಜಿನಯ್ಯ ಕಾರಿನ ಜೊತೆ ತಾನೂ ತಿರುಗಿಬಿಡುತ್ತಿದ್ದ. ಅದು ಎದುರು ಬಂದರೆ ಅದಕ್ಕೆ ಬೆನ್ನು ಹಾಕಿ, ಕತ್ತು ಹೊರಳಿಸಿ ನೋಡುತ್ತ ಕಡ್ಡಿ ಒತ್ತುತ್ತಿದ್ದ. ದಾರಿಯಲ್ಲಿ ಹೋಗುವವರು ಪಾಪ, ಇವನಿಗೆ ಕತ್ತು ಉಳುಕಿರಬೇಕು ಎಂದುಕೊಂಡರು. ಆಮೇಲೆ ರಸ್ತೆಯಲ್ಲಿ ಎರಡು ಇಟ್ಟಿಗೆ ಇಟ್ಟು ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿಸಿದ. ತಿರುವಿಗೆ ಮುಂಚೆ ವೇಗ ಇಳಿಸಬೇಕು, ತಿರುವು ದಾಟಿದ ಮೇಲೆ ಏರಿಸಬೇಕು ಎಂಬುದನ್ನು ತನಾಬೆ "ಸ್ಲೋ, ಸ್ಲೋ, ಗೋ" ಎಂಬ ಮೂರು ಮಾತಿನಲ್ಲಿ ಹೇಳಿಕೊಟ್ಟಿದ್ದ. ರಾತ್ರಿಯೆಲ್ಲ ಬ್ಯಾಟರಿಯನ್ನು ಗೋಡೆಯ ಪ್ಲಗ್ಗಿಗೆ ಹಾಕಿಟ್ಟರೆ ಬೆಳಿಗ್ಗೆ ಕೆಲವೇ ನಿಮಿಷ ಓಡಿಸಬಹುದಿತ್ತು. ಆ ಕೆಲವು ನಿಮಿಷಕ್ಕಾಗಿ ಅವನು ಹಿಂದಿನ ದಿನವನ್ನೆಲ್ಲ ದಬ್ಬುತ್ತಿದ್ದ.

ಹೀಗೆ ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಕಾರು ಅವನ ಮಾತು ಕೇಳತೊಡಗಿತು. ಹುಟ್ಟಿದಾಗಿನಿಂದ ಅಂಜಿನಯ್ಯನ ಮಾತು ಕೇಳಿದ್ದು ಅದೊಂದೇ. ಸ್ಕೂಲಿನಲ್ಲಿ ಗೋಣಿಚೀಲದ ಓಟದಲ್ಲಿ ಬಿದ್ದು ಹಲ್ಲು ಮುರಿದುಕೊಂಡವನು, ಆಫೀಸಿನಲ್ಲಿ ತಾನು ಕೆಲಸ ಕಲಿಸಿದ ಹುಡುಗರೇ ಮೇಲೆ ಹೋಗುವುದನ್ನು ಕೆಳಗೆ ನಿಂತು ನೋಡಿದವನು. ಅಂಥವನ ಕಾರು ಎರಡು ಇಟ್ಟಿಗೆಗಳ ನಡುವೆ ಬೆರಳಷ್ಟು ಸಂದು ಬಿಟ್ಟು ನುಸುಳಿ ಹೋಗುವಾಗ ಬೀದಿಯವರು ನಿಂತು ನೋಡುತ್ತಿದ್ದರು.

ಒಂದು ಸಂಜೆ ಮುನಿವೆಂಕಟಪ್ಪನವರೂ ನಿಂತು ನೋಡಿದರು. ಹೆಗ್ಗನಹಳ್ಳಿ ಕಡೆ ರಾಗಿ ಬೆಳೆಯುತ್ತಿದ್ದ ಅವರ ಹೊಲಗಳೆಲ್ಲ ಒಂದೊಂದಾಗಿ ಲೇಔಟಾಗಿ, ಈಗ ಅವರ ಬಳಿ ಹೊತ್ತು ಧಾರಾಳವಾಗಿತ್ತು. "ಇದ್ರಲ್ಲೇನೈತೆ ಮಹಾ" ಎಂದು ಹೇಳಿ ಮರುವಾರವೇ ಮದ್ರಾಸಿಗೆ ರೈಲು ಹತ್ತಿದರು. ಮನುಷ್ಯ ಒಳ್ಳೆಯವರೇ. ಹಬ್ಬಕ್ಕೆ ಬಾಡಿಗೆದಾರರಿಗೆಲ್ಲ ಬಾಳೆಹಣ್ಣು ಕಳಿಸುವವರು. ಆದರೆ ಸೋಲು ಎಂಬುದು ಅವರ ಮೈಗೆ ಒಗ್ಗುತ್ತಿರಲಿಲ್ಲ. ಅಂಜಿನಯ್ಯನಿಗಿಂತ ಮುಂಚೆ ಆ ಮನೆಯಲ್ಲಿದ್ದ ಬ್ಯಾಂಕಿನವನು ಇಸ್ಪೀಟಿನಲ್ಲಿ ಅವರನ್ನು ಒಂದೇ ರಾತ್ರಿ ಮೇಲಿಂದ ಮೇಲೆ ಸೋಲಿಸಿದ್ದನಂತೆ. ಆ ತಿಂಗಳು ಮುಗಿಯುವುದರೊಳಗೆ ಮುನಿವೆಂಕಟಪ್ಪನವರ ತಂಗಿಯ ಮಗನಿಗೆ ಇದ್ದಕ್ಕಿದ್ದಂತೆ ಮನೆ ಬೇಕಾಯಿತು. ಆ ತಂಗಿಯ ಮಗ ಇವತ್ತಿಗೂ ಬಂದಿಲ್ಲ.

ಮನೆಯೋ, ಇಂದ್ರಮ್ಮನ ಪಾಲಿಗೆ ಸ್ವರ್ಗ. ಓನರ್ ಮನೆಯ ಪಕ್ಕದ ಮೂಲೆ ಸೈಟಿನಲ್ಲಿ ಒಂಟಿಯಾಗಿ ನಿಂತ ಹೆಂಚಿನ ಮನೆ. ಮುಂದೆ ಕರಿಬೇವಿನ ಗಿಡ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಎಲ್ಲಕ್ಕಿಂತ ಮುಖ್ಯವಾಗಿ ದಿನಾ ಬೆಳಿಗ್ಗೆ ತಪ್ಪದೆ ನೀರು ಬರುವ ಒಂದು ನಲ್ಲಿ. ಇದಕ್ಕೆ ಮುಂಚೆ ಅವಳು ವಿಜಯನಗರದಲ್ಲಿ ಈರುಳ್ಳಿ ಹುರಿದರೆ ಕೆಮ್ಮುವ ಓನರನ್ನೂ, ಮಹಾಲಕ್ಷ್ಮಿ ಲೇಔಟಿನಲ್ಲಿ ನೆಂಟರು ಬಂದರೆ ತಲೆ ಎಣಿಸುವ ಓನರನ್ನೂ ಕಂಡು ಬಂದವಳು. ಕೊಡ ಹೊತ್ತು ಬೋರ್‌ವೆಲ್ಲಿಗೆ ನಡೆದು ನಡೆದು ಸೊಂಟ ನೋವು ಅವಳಿಗೆ ಕಾಯಂ ಆಗಿತ್ತು. ಈ ಮನೆಗೆ ಬಂದ ಮೇಲೆ ಸೊಂಟ ನೋವು ಹೋಯಿತು.

ಅಂಥ ಮನೆಯ ಓನರು ದಸರಾ ಹೊತ್ತಿಗೆ ಬಂದು, "ಅಂಜಿನಯ್ಯನೋರೆ, ಆಯುಧಪೂಜೆ ದಿನ ನಮ್ ಕಾರು ನಿಮ್ ಕಾರು ರೇಸು ಬಿಡಾಣ. ಬೀದಿ ಜನಾನೆಲ್ಲ ಕರೀತೀನಿ. ಕಪ್ ನಾನೇ ತರ್ತೀನಿ" ಎಂದಾಗ ಇಲ್ಲ ಎನ್ನುವ ಧೈರ್ಯ ಯಾರಿಗಿದೆ?

ಆಯುಧಪೂಜೆಯ ಬೆಳಿಗ್ಗೆ ಇಂದ್ರಮ್ಮ ಉಪ್ಪಿಟ್ಟಿನ ತಟ್ಟೆ ಗಂಡನ ಮುಂದಿಟ್ಟು, ಎದುರಿಗೆ ಕೂತಳು. ಅವಳು ಎದುರಿಗೆ ಕೂತಳೆಂದರೆ ಏನೋ ಇದೆ ಎಂದೇ ಅರ್ಥ.

"ರೀ, ಇವತ್ತು ನೀವು ಸೋಲ್ಬೇಕು."

"ಯಜಮಾನ್ರು ಗಾಡೀನ ನೆಟ್ಟಗೆ ಹತ್ತಡಿ ಓಡ್ಸಲ್ಲ ಕಣೇ. ಅಂಥೋರ ಎದುರಿಗೆ ಸೋಲೋದಾದ್ರೂ ಹೇಗೆ?"

"ಅದೆಲ್ಲ ನಂಗೊತ್ತಿಲ್ಲ. ಆಫೀಸಲ್ಲಿ ಇಷ್ಟ್ ವರ್ಷದಿಂದ ಸೋಲ್ತಾನೇ ಇದೀರಲ್ಲ, ಮನೆಗೋಸ್ಕರ ಒಂದಿನ ಸೋಲಕ್ಕಾಗಲ್ವಾ? ನೀವು ಗೆದ್ದು ಆ ಕಪ್ ತಂದ್ರೆ ಅದನ್ನ ಇಡೋಕೆ ಮನೆ ಇರಲ್ಲ, ನೆನಪಿರ್ಲಿ. ಮತ್ತೆ ಕೊಡ ಹೊರೋಕೆ ನನ್ ಕೈಲಿ ಆಗಲ್ಲ."

ಅಂಜಿನಯ್ಯ ಉಪ್ಪಿಟ್ಟು ನುಂಗಿದ. ಇಡೀ ಬೀದಿಯ ಎದುರಿಗೆ ಒಮ್ಮೆ ಗೆಲ್ಲಬೇಕು ಎಂದು ಅವನು ರಾತ್ರಿಯೆಲ್ಲ ಕನಸು ಕಂಡಿದ್ದ. ಆದರೆ ಇಂದ್ರಮ್ಮ ಹೇಳಿದ್ದು ಸುಳ್ಳಲ್ಲ. ಅವಳು ಕೊಡ ಹೊತ್ತು ಬಂದು ಬಾಗಿಲಲ್ಲಿ ಸೊಂಟ ಹಿಡಿದು ನಿಲ್ಲುತ್ತಿದ್ದುದು ಅವನಿಗೆ ಮರೆತಿರಲಿಲ್ಲ. ಆಯಿತು, ಸೋಲುತ್ತೇನೆ ಎಂದ.

ಸೋಲುವುದಕ್ಕೂ ಒಂದು ತಯಾರಿ ಬೇಕಲ್ಲ. ಅವನು ಹಿತ್ತಲಿಗೆ ಹೋಗಿ, ಕಾರನ್ನು ಒಗೆಯುವ ಕಲ್ಲಿನ ಮೇಲೆ ಅಂಗಾತ ಮಲಗಿಸಿ, ಕಡ್ಡಿಯನ್ನು ಒತ್ತಿ ಹಿಡಿದ. ನಾಲ್ಕು ಚಕ್ರಗಳೂ ಗಾಳಿಯಲ್ಲಿ ಗಿರಗಿರ ಸುತ್ತಿದವು. ರಾತ್ರಿಯೆಲ್ಲ ತುಂಬಿಸಿದ ಬ್ಯಾಟರಿ ಖಾಲಿಯಾಗಿ ಚಕ್ರಗಳು ನಿಂತ ಮೇಲೆ, ಇನ್ನು ಇದು ಗೇಟು ದಾಟುವುದೂ ಸಂಶಯ ಎಂದು ಖಾತ್ರಿಯಾಯಿತು. ಕಾರನ್ನು ಜಗಲಿಯ ಮೇಲಿಟ್ಟು, ನೆಮ್ಮದಿಯಾಗಿ ಸ್ನಾನಕ್ಕೆ ಹೋದ.

ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಜಗಲಿಯ ಮೇಲೆ ವೆಂಕಟಗಿರಿ ಹಲ್ಲು ಕಿರಿದು ನಿಂತಿದ್ದ. ಎದುರು ಮನೆಯ ಮಹಡಿ ರೂಮಿನಲ್ಲಿದ್ದ ಬ್ರಹ್ಮಚಾರಿ ಹುಡುಗ. ಯಾರು ಕೇಳಲಿ ಬಿಡಲಿ, ಉಪಕಾರ ಮಾಡಿಯೇ ತೀರುವ ಸ್ವಭಾವ.

"ಅಣ್ಣಾ, ನಿಮ್ ಬ್ಯಾಟರಿ ಪೂರಾ ಸತ್ತೋಗಿತ್ತು. ನೋಡ್ಲೇ ಇಲ್ವಾ ನೀವು? ನಾನ್ ಬಂದಿದ್ದಕ್ಕೆ ಸರಿಹೋಯ್ತು."

ಅಂಜಿನಯ್ಯನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. "ಏನ್ ಮಾಡ್ದೆ?"

"ಆ ಜಪಾನಿನೋನು ಕೊಟ್ಟಿದ್ದ ಇನ್ನೊಂದ್ ಚಾರ್ಜರ್ ಇತ್ತಲ್ಲ, ದೊಡ್ ಕಾರಿನ ಬ್ಯಾಟರಿಗೆ ಕ್ಲಿಪ್ ಹಾಕೋದು? ನೀವು ಅದನ್ನ ಮುಟ್ಟೇ ಇಲ್ಲ. ಅದು ಬರೀ ಕಾಲು ಗಂಟೇಲಿ ಫುಲ್ ಮಾಡುತ್ತೆ."

"ದೊಡ್ ಕಾರು ಯಾರದು?"

"ಇನ್ಯಾರದು, ಓನರ್ದೇ. ಅಂಬಾಸಿಡರ್ ಬಾನೆಟ್ ತೆಗ್ದು ಕ್ಲಿಪ್ ಹಾಕ್ದೆ. ಅವ್ರು ಬಂದು, ಇಂಜಿನ್ಗೆ ಕುಂಕುಮ ಇಡ್ತಿದೀಯೇನೋ ಅಂದ್ರು. ಹೂಂ ಅಂದೆ. ಒಳ್ಳೇ ಹುಡುಗ ಅಂತ ಬೆನ್ನು ತಟ್ಟಿದ್ರು. ಇವತ್ತು ನೋಡಿ ಅಣ್ಣಾ, ನಿಮ್ ಗಾಡಿ ಬಾಣ ಹೋದಂಗ್ ಹೋಗುತ್ತೆ."

ಅಂಜಿನಯ್ಯ ಅವನಿಗೆ ಥ್ಯಾಂಕ್ಸ್ ಹೇಳಬೇಕಾಯಿತು. ಹೇಳಿದ.

ಮತ್ತೆ ಹಿತ್ತಲಿಗೆ ಹೋಗಿ ಬ್ಯಾಟರಿ ಸಾಯಿಸಲು ಹೊತ್ತಿರಲಿಲ್ಲ. ಓನರ್ ಮನೆಯ ಮುಂದೆ ಪೂಜೆ ಶುರುವಾಗಿತ್ತು. ಮುನಿವೆಂಕಟಪ್ಪನವರ ಹೆಂಡತಿ ಅಕ್ಕಯ್ಯಮ್ಮ ಪೂಜೆ ಮಾಡುವ ರೀತಿಯೇ ಬೇರೆ. ಚಕ್ರ ಇರುವುದೆಲ್ಲ ಅವರ ಪ್ರಕಾರ ವಾಹನ. ಟ್ರ್ಯಾಕ್ಟರು, ಅಂಬಾಸಿಡರು, ಲೂನಾ, ಮಕ್ಕಳ ಸೈಕಲ್ಲು, ಹೊಲಿಗೆ ಯಂತ್ರ ಎಲ್ಲ ಸಾಲಾಗಿ ನಿಂತು ವಿಭೂತಿ ಪಟ್ಟೆ ಬಳಿಸಿಕೊಂಡಿದ್ದವು. ಸಾಲಿನ ಕೊನೆಗೆ ಎರಡು ಪುಟ್ಟ ಕಾರುಗಳು, ಓನರದು ಕೆಂಪು, ಅಂಜಿನಯ್ಯನದು ನೀಲಿ.

ಪೂಜೆಯಾದ ಮೇಲೆ ವಾಹನ ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯಬೇಕು, ಅದು ಶಾಸ್ತ್ರ. ಟ್ರ್ಯಾಕ್ಟರಿಗೆ ಅದೇನೂ ಲೆಕ್ಕವಾಗಲಿಲ್ಲ. ಪುಟ್ಟ ಕಾರುಗಳ ಮುಂದೆ ಇಟ್ಟಾಗ ನಿಂಬೆಹಣ್ಣು ಚಕ್ರದ ಅರ್ಧದಷ್ಟಿತ್ತು. ಮುನಿವೆಂಕಟಪ್ಪನವರು ಕಡ್ಡಿಯನ್ನು ಪೂರ್ತಿ ಒತ್ತಿದರು. ಕೆಂಪು ಕಾರಿನ ಮುಂದಿನ ಚಕ್ರ ನಿಂತಲ್ಲೇ ಸುತ್ತಿ, ನಿಂಬೆಹಣ್ಣನ್ನು ಹಿಂದಕ್ಕೆ ಎಸೆದು ಯಾರದೋ ಪಂಚೆಗೆ ಹೊಡೆಯಿತು. ಕೊನೆಗೆ ಒಳಗಿನಿಂದ ರುಬ್ಬುಗುಂಡು ತಂದು ಹಣ್ಣನ್ನು ಅಪ್ಪಚ್ಚಿ ಮಾಡಿ ಶಾಸ್ತ್ರ ಮುಗಿಸಿದರು. ಅಂಜಿನಯ್ಯ ತನ್ನ ಕಡ್ಡಿಯನ್ನು ಸುಮ್ಮನೆ ಮುಟ್ಟಿದ ಅಷ್ಟೇ. ವೆಂಕಟಗಿರಿ ತುಂಬಿಸಿದ್ದ ಬ್ಯಾಟರಿ ಸಾಮಾನ್ಯದ್ದಲ್ಲ. ನೀಲಿ ಕಾರು ಮೇಕೆಮರಿಯ ಹಾಗೆ ತನ್ನ ಹಣ್ಣಿನ ಮೇಲೆ ಹಾರಿ ಆಚೆಗೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಓನರ್ ಮುಖ ಗಂಟಾಯಿತು. ಹೆಂಗಸರ ಗುಂಪಿನಿಂದ ಇಂದ್ರಮ್ಮ ನೋಡಿದ ನೋಟಕ್ಕೆ ಅಂಜಿನಯ್ಯ ತಲೆ ತಗ್ಗಿಸಿದ.

ಅಕ್ಕಯ್ಯಮ್ಮ ತಮ್ಮ ಗಂಡನ ಕಾರಿಗೆ ಹೆಬ್ಬೆರಳು ದಪ್ಪದ ಚೆಂಡುಹೂವಿನ ಹಾರ ಸುತ್ತಿದರು. ಅದನ್ನು ನೋಡಿ ಅಂಜಿನಯ್ಯ ಅವರ ಹತ್ತಿರ ಓಡಿದ.

"ಅಮ್ಮಾ, ಓಡ್ಸುವಾಗ ಹಾರ ತೆಗೆದಿಟ್ರೆ ಗಾಡಿ ಸಲೀಸಾಗಿ ಹೋಗುತ್ತೆ."

"ಪೂಜೆ ಮಾಡಿದ್ ಹಾರ ಸಾಯಂಕಾಲದವರೆಗೂ ತೆಗೀಬಾರ್ದು ಕಣಪ್ಪ. ನಿನ್ ಗಾಡಿಗೂ ಹಾಕ್ತಿದ್ದೆ, ಹೂ ಸಾಲಲಿಲ್ಲ."

ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ ಆಯಿತು. ಹೊಸದಾಗಿ ಟಾರು ಹಾಕಿದ್ದ ರಸ್ತೆಯಲ್ಲಿ ಅತ್ತ ತುದಿಗೊಂದು ಇತ್ತ ತುದಿಗೊಂದು ಎಣ್ಣೆ ಡಬ್ಬ ಇಟ್ಟರು. ಅವೆರಡನ್ನೂ ಬಳಸಿ ಮೂರು ಸುತ್ತು ಬಂದು, ಗೇಟಿನ ಎದುರಿನ ರಂಗೋಲಿ ಗೆರೆಯನ್ನು ಯಾರ ಕಾರು ಮೊದಲು ದಾಟುತ್ತದೋ ಅವರಿಗೆ ಕಪ್ಪು. ತೀರ್ಪುಗಾರರು ಹನುಮಂತಯ್ಯ, ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರಾದವರು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಕಾಂಪೌಂಡಿನ ಮೇಲೆ, ಮಹಡಿಯ ಮೇಲೆ, ಟ್ರ್ಯಾಕ್ಟರಿನ ಮೇಲೆ ಜನ ಹತ್ತಿ ಕೂತರು.

"ಎಲ್ರೂ ಫುಟ್‌ಬೋರ್ಡ್ ಬಿಟ್ಟು ಒಳಗೆ ಬನ್ನಿ" ಎಂದು ರಸ್ತೆಯ ಅಂಚಿನವರನ್ನು ಹಿಂದಕ್ಕೆ ಸರಿಸಿ ಹನುಮಂತಯ್ಯ ಎರಡು ಸಲ ಸೀಟಿ ಊದಿದರು. "ರೈಟ್, ರೈಟ್."

ಕೆಂಪು ಕಾರು ಹಾರಿ ಮುಂದೆ ಹೋಯಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ಹಾರದ ದಾರ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಹೂವಿನ ಎಸಳು ನಾಲ್ಕು ದಿಕ್ಕಿಗೆ ಎರಚಿ, ಗಕ್ಕನೆ ನಿಂತಿತು. ಮುನಿವೆಂಕಟಪ್ಪನವರು ಕಡ್ಡಿ ಒತ್ತಿದರು, ಅಲ್ಲಾಡಿಸಿದರು, ಡಬ್ಬಿಯನ್ನೇ ಕುಲುಕಿದರು. ಕಾರು ನರಳಿತು, ಕದಲಲಿಲ್ಲ.

ಅಂಜಿನಯ್ಯ ಎಷ್ಟು ನಿಧಾನವಾಗಿ ಓಡಿಸಿದರೂ ಮೊದಲ ಸುತ್ತು ಮುಗಿದೇ ಹೋಯಿತು. ನಿಂತ ಕಾರಿಗಿಂತ ಹಿಂದೆ ಬೀಳುವುದು ಹೇಗೆ ಎಂಬುದನ್ನು ತನಾಬೆ ಅವನಿಗೆ ಹೇಳಿಕೊಟ್ಟಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಒಡೆದ ಕುಂಬಳಕಾಯಿಯ ಹೋಳೊಂದನ್ನು ಗುರಿ ಇಟ್ಟು ಹೊಡೆದ. ಕಾರು ಪಲ್ಟಿಯಾಗಿ, ಚಕ್ರ ಮೇಲಾಗಿ, ಅಂಗಾತ ಬಿದ್ದ ಜಿರಲೆಯ ಹಾಗೆ ಬಿದ್ದುಕೊಂಡಿತು. ಅಬ್ಬ ಎಂದು ಅವನು ಉಸಿರು ಬಿಟ್ಟ.

ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ವೆಂಕಟಗಿರಿ ಓಡಿ ಬಂದು ಕಾರನ್ನು ನೆಟ್ಟಗೆ ಮಾಡಿ, ಕರ್ಚೀಫಿನಿಂದ ಒರೆಸಿ, ನಾಲ್ಕು ಹೆಜ್ಜೆ ಮುಂದಕ್ಕೇ ಇಟ್ಟ.

"ಬಿದ್ದ ಮೇಲೆ ಸೋತ ಹಾಗೆ ಅಲ್ವಾ?" ಎಂದು ಅಂಜಿನಯ್ಯ ಆಸೆಯಿಂದ ಕೇಳಿದ.

ಹನುಮಂತಯ್ಯ ಯೋಚಿಸಿ ತೀರ್ಪು ಕೊಟ್ಟರು. "ಬಿದ್ದ ಪ್ಯಾಸೆಂಜರ್ನ ಎತ್ತಿ ಹತ್ತಿಸ್ಕೊಳ್ಳೋದು ರೂಲ್ಸ್‌ನಲ್ಲೇ ಇದೆ. ರೈಟ್."

ಅಂಜಿನಯ್ಯ ಕಾರನ್ನು ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ ಓಡಿಸಿದ. ಹತ್ತು ಜನ ಕಾಲು ಅಡ್ಡ ಇಟ್ಟು, "ಆ ಕಡೆ ಅಲ್ಲ ಅಂಜಿನಯ್ಯನೋರೆ, ಈ ಕಡೆ" ಎಂದು ಕರುವನ್ನು ಕೊಟ್ಟಿಗೆಗೆ ಅಟ್ಟುವ ಹಾಗೆ ಅಟ್ಟಿ ಸರಿದಾರಿಗೆ ಹಾಕಿದರು. ಆಗ ಅವನು ಕಡ್ಡಿಯಿಂದ ಬೆರಳನ್ನೇ ತೆಗೆದು, ಬ್ಯಾಟರಿ ಹೋಗಿರಬೇಕು ಎಂದ. ಅದು ತನ್ನ ಮರ್ಯಾದೆಯ ಪ್ರಶ್ನೆ ಎಂಬಂತೆ ವೆಂಕಟಗಿರಿ ನುಗ್ಗಿ ಬಂದ. "ಹೋಗಕ್ಕೆ ಚಾನ್ಸೇ ಇಲ್ಲಣ್ಣ, ಕೊಡಿ ಇಲ್ಲಿ" ಎಂದು ತಾನೇ ಕಡ್ಡಿ ಒತ್ತಿದ. ಕಾರು ಬಾಣದಂತೆ ಹೋಗಿ, ಎರಡನೆಯ ಸುತ್ತನ್ನೂ ಮುಗಿಸಿಬಿಟ್ಟಿತು. ಪುಣ್ಯಕ್ಕೆ ಅಷ್ಟರಲ್ಲಿ ಹನುಮಂತಯ್ಯ, "ಡ್ರೈವರ್ ಸೀಟಲ್ಲಿ ಬೇರೆಯೋರು ಕೂರೋಹಂಗಿಲ್ಲ" ಎಂದು ರಿಮೋಟನ್ನು ವಾಪಸ್ ಕೊಡಿಸಿದರು.

ಕೆಂಪು ಕಾರು ಇನ್ನೂ ಇದ್ದಲ್ಲೇ ಇತ್ತು. ಯಾರೂ ಅದನ್ನು ಮುಟ್ಟುವಂತಿಲ್ಲ, ಹಾರ ತೆಗೆದರೆ ಅಕ್ಕಯ್ಯಮ್ಮ ಬಿಡುವುದಿಲ್ಲ. ಮುನಿವೆಂಕಟಪ್ಪನವರ ಕಿವಿ ಕೆಂಪಾಗಿತ್ತು. "ನಮ್ಮನೆ ಮುಂದೇನೇ ನನ್ ಮಾನ ಹೋಯ್ತಲ್ಲ" ಎಂದು ಅವರು ಗೊಣಗಿದ್ದು ಹೆಂಗಸರ ಸಾಲಿನವರೆಗೂ ಕೇಳಿಸಿತು. ಇಂದ್ರಮ್ಮನ ಕಣ್ಣ ಮುಂದೆ ಬೋರ್‌ವೆಲ್ಲಿನ ಸಾಲು, ಖಾಲಿ ಕೊಡಗಳು ಎಲ್ಲ ಹಾದು ಹೋಗಿರಬೇಕು. ಅವಳು ಮನೆಗೆ ಓಡಿ, ಕತ್ತರಿ ತಂದು, ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆಂಪು ಕಾರಿನ ಹಾರವನ್ನು ಕಚಕಚ ಕತ್ತರಿಸಿ ಹಾಕಿದಳು.

"ಅಯ್ಯೋ ಇಂದ್ರಮ್ಮ, ದೇವರ ಹಾರ ಕಣೇ" ಎಂದರು ಅಕ್ಕಯ್ಯಮ್ಮ.

"ದೇವ್ರಿಗೂ ಉಸಿರು ಕಟ್ತಿತ್ತು ಅಕ್ಕಾ" ಎಂದು ಇಂದ್ರಮ್ಮ ಕಾರಿನ ಹಿಂಭಾಗಕ್ಕೆ ಒಂದು ಸಲ ತಟ್ಟಿ ಎದ್ದಳು. ಬೀದಿಯವರಿಗೆ ಗಂಡನ ಎದುರಾಳಿಗೂ ಸಹಾಯ ಮಾಡುವ ಅವಳ ದೊಡ್ಡ ಮನಸ್ಸು ಕಂಡು ಸಂತೋಷವಾಯಿತು.

ಈಗ ಅಂಜಿನಯ್ಯನಿಗೆ ಉಳಿದದ್ದು ಒಂದು ಸುತ್ತು, ಓನರಿಗೆ ಮೂರು. ಅವರು ಬರುವವರೆಗೆ ಹೊತ್ತು ಕಳೆಯಬೇಕು. ನಿಲ್ಲಿಸಿದರೆ ವೆಂಕಟಗಿರಿ ಬಿಡುವುದಿಲ್ಲ. ಅಂಜಿನಯ್ಯ ಕಾರನ್ನು ದೂರದ ಡಬ್ಬದ ಹತ್ತಿರ ಒಯ್ದು ಅದಕ್ಕೆ ಪ್ರದಕ್ಷಿಣೆ ಹಾಕಿಸತೊಡಗಿದ. ಒಂದೇ ಥರ ಸುತ್ತಿಸಿದರೆ ಅನುಮಾನ ಬರುತ್ತದೆಂದು ಮಧ್ಯೆ ಮಧ್ಯೆ ಎಂಟರ ಆಕಾರ ಹಾಕಿಸಿದ, ಹಿಂದಕ್ಕೆ ಓಡಿಸಿದ, ಎರಡು ಕುಂಬಳದ ಹೋಳಿನ ನಡುವೆ ಕೂದಲೆಳೆಯಷ್ಟು ಸಂದಿನಲ್ಲಿ ನುಸುಳಿಸಿದ. ಜನ ಬೆರಗಾದರು. ಗೆಲುವು ಕೈಯಲ್ಲಿದ್ದರೂ ಇವನು ನಮಗಾಗಿ ಆಟ ತೋರಿಸುತ್ತಿದ್ದಾನೆ ಎಂದು ಅವರಿಗೆ ಅನಿಸಿತು. ಮಹಡಿಯಿಂದ ಸಿಳ್ಳೆ ಬಿತ್ತು. ಅವನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ.

ಅದೇ ಹೊತ್ತಿನಲ್ಲಿ ಅವನು ಬಾಯಿಯ ಓರೆಯಿಂದ ಪಕ್ಕದಲ್ಲಿದ್ದ ಓನರಿಗೆ ಪಾಠ ಹೇಳುತ್ತಿದ್ದ. "ಯಜಮಾನ್ರೇ, ತಿರುವು ಬಂತು, ನಿಧಾನ. ನಿಧಾನ. ಈಗ ಬಿಡಿ. ಗಾಡಿ ನಮ್ ಕಡೆ ಬರ್ತಿದೆ, ಎಡಕ್ಕೆ ಹೋಗ್ಬೇಕಂದ್ರೆ ಬಲಕ್ಕೆ ಒತ್ತಿ."

"ಎಡ ಅಂದ್ರೆ ಬಲ ಹೆಂಗ್ರೀ ಆಗುತ್ತೆ?"

"ಒತ್ತಿ ಯಜಮಾನ್ರೇ, ಆಮೇಲ್ ಹೇಳ್ತೀನಿ."

ಕೆಂಪು ಕಾರು ಚರಂಡಿಯ ಕಲ್ಲಿಗೆ, ಲೂನಾದ ಸ್ಟ್ಯಾಂಡಿಗೆ, ಹನುಮಂತಯ್ಯನವರ ಹಿಮ್ಮಡಿಗೆ ತಾಗುತ್ತ ತಾಗುತ್ತ ಒಂದು ಸುತ್ತು ಮುಗಿಸಿತು, ಎರಡೂ ಮುಗಿಸಿತು. ಮೂರನೆಯದರ ಕೊನೆಗೆ ಬಂದಾಗ ಅದರ ಬ್ಯಾಟರಿ ಸೋತು, ಕಂಬಳಿಹುಳುವಿನ ಹಾಗೆ ತೆವಳತೊಡಗಿತು. ರಂಗೋಲಿ ಗೆರೆ ಇನ್ನೂ ಏಳೆಂಟು ಮಾರು ದೂರ.

ಆಗ ಬೀದಿಯೆಲ್ಲ ಒಂದೇ ಸಮನೆ, "ಬಿಡಿ ಅಂಜಿನಯ್ಯನೋರೆ, ಬಿಡಿ" ಎಂದು ಕೂಗಲು ಶುರುಮಾಡಿತು. ಅಷ್ಟು ಜನ ಒಟ್ಟಿಗೆ ತನ್ನ ಹೆಸರು ಕೂಗುವುದನ್ನು ಅವನು ಮೊದಲ ಬಾರಿಗೆ ಕೇಳಿದ. ಕೈ ಅವನ ಮಾತು ಮೀರಿತು. ನೀಲಿ ಕಾರು ಡಬ್ಬ ಬಿಟ್ಟು ಹೊರಟಿತು. ಸ್ಲೋ, ಸ್ಲೋ, ಗೋ. ಕೆಂಪು ಕಾರನ್ನು ಒಂದೇ ಉಸಿರಿಗೆ ಹಿಂದೆ ಹಾಕಿತು. ಎದುರಿಗೆ ಬಿಳಿ ಗೆರೆ ಕಂಡಿತು. ಒಂದೇ ಒಂದು ಸಲ ಗೆದ್ದುಬಿಡುತ್ತೇನೆ, ಆಮೇಲೆ ಏನಾದರೂ ಆಗಲಿ ಎಂದು ಅಂಜಿನಯ್ಯನಿಗೆ ನಿಜವಾಗಿಯೂ ಅನಿಸಿತು.

ಗೆರೆಯ ಆಚೆ ಇಂದ್ರಮ್ಮ ಕತ್ತರಿ ಹಿಡಿದು ನಿಂತಿದ್ದಳು. ಅವಳ ಇನ್ನೊಂದು ಕೈ ತಾನಾಗಿ ಸೊಂಟದ ಮೇಲಿತ್ತು.

ಅಂಜಿನಯ್ಯ ಕಣ್ಣು ಮುಚ್ಚಿ ಬಲಗಡೆಯ ಕಡ್ಡಿಯನ್ನು ಒಂದೇ ಪೆಟ್ಟಿಗೆ ಒತ್ತಿದ. ಕಾರು ಗೆರೆಯ ಮುಂದೆಯೇ ಸರಕ್ಕನೆ ತಿರುಗಿ, ಕಲ್ಲಿಗೆ ಬಡಿದು, ಮೋರಿಗೆ ಧುಮುಕಿತು. ಬೀದಿ ಅಯ್ಯೋ ಎಂದಿತು. ಯಾರೂ ಮೋರಿಗೆ ಇಳಿಯುವ ಮೊದಲೇ ಕೆಂಪು ಕಾರು ತೆವಳಿ ತೆವಳಿ ಬಂದು ರಂಗೋಲಿಯನ್ನು ಅಳಿಸಿಕೊಂಡು ಆಚೆ ದಾಟಿತು. ಹನುಮಂತಯ್ಯ ಉದ್ದಕ್ಕೆ ಒಂದು ಸೀಟಿ ಊದಿ, "ಲಾಸ್ಟ್ ಸ್ಟಾಪ್. ಎಲ್ಲಾ ಇಳೀರಿ" ಎಂದು ಘೋಷಿಸಿದರು.

ವೆಂಕಟಗಿರಿ ತೋಳು ಮಡಚಿ ಮೋರಿಯೊಳಗಿಂದ ನೀಲಿ ಕಾರನ್ನು ಎತ್ತಿ ತಂದು ಅಂಜಿನಯ್ಯನ ಕೈಗಿಟ್ಟ. ಅವನ ಕಣ್ಣಲ್ಲಿ ನೀರಿತ್ತು. ಆದರೆ ಇಂದ್ರಮ್ಮ ಹತ್ತಿರ ಬಂದು, ಯಾರಿಗೂ ಕಾಣದ ಹಾಗೆ ಅವನ ತೋಳು ಮುಟ್ಟಿ, "ನೀವು ಗಂಡಸರಲ್ಲೇ ಗಂಡಸರು ಕಣ್ರೀ" ಎಂದಳು. ಮದುವೆಯಾದಾಗಿನಿಂದ ಅವಳು ಅಂಥ ಮಾತು ಆಡಿರಲಿಲ್ಲ. ಕಪ್ಪು ಹೋದರೂ ಮನೆ ಉಳಿಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಮುನಿವೆಂಕಟಪ್ಪನವರ ಸಂಭ್ರಮ ಹೇಳತೀರದು. ತಾವೇ ತಂದ ಕಪ್ಪನ್ನು ತಾವೇ ಎತ್ತಿಕೊಂಡು, ಎಲ್ಲರಿಗೂ ಇನ್ನೊಂದು ಸುತ್ತು ಕಡ್ಲೆಪುರಿ ಕೊಡಲು ಹೇಳಿ, ನೆಟ್ಟಗೆ ಅಂಜಿನಯ್ಯನ ಹತ್ತಿರ ಬಂದು ಅವನನ್ನು ತಬ್ಬಿಕೊಂಡರು. ಬಿಟ್ಟಾಗ ಅವರ ಕಣ್ಣು ಒದ್ದೆಯಾಗಿತ್ತು.

"ಅಂಜಿನಯ್ಯನೋರೆ, ನಿಮಗೊಂದ್ ಗುಟ್ಟು ಹೇಳ್ತೀನಿ. ಇವತ್ತೇನಾದ್ರೂ ನಾನ್ ಸೋತಿದ್ರೆ ಈ ಕಾರು ಅಟ್ಟ ಸೇರ್ತಿತ್ತು. ಮೊಮ್ಮಕ್ಕಳಾದ ಮೇಲೆ ಇದೇನ್ ಆಟ, ಸೋತ್ರೆ ಇವತ್ತಿಗೇ ಬಿಟ್ಬಿಡಿ ಅಂತ ಇವ್ಳು ನನ್ ಕೈಲಿ ಆಣೆ ಹಾಕ್ಸಿದ್ಲು. ನಂಗೂ ಸಾಕಾಗಿತ್ತು, ಬಿಡಾಣ ಅಂತ್ಲೇ ಇದ್ದೆ. ಆದ್ರೆ ನಿಮ್ಮಂಥ ಆಟಗಾರನ್ನ ಸೋಲಿಸಿದ್ ಮೇಲೆ ಬಿಡೋಕಾಗುತ್ತಾ ಹೇಳಿ?"

"ಖಂಡಿತ ಬಿಡ್ಬಾರ್ದು ಯಜಮಾನ್ರೇ" ಎಂದ ಅಂಜಿನಯ್ಯ.

"ಅದಕ್ಕೇ ಈಗ ನಿಂತಲ್ಲೇ ತೀರ್ಮಾನ ಮಾಡ್ದೆ. ಈ ಮೋರಿ, ಕಲ್ಲು, ಲೂನಾ ಮಧ್ಯೆ ರಸ್ತೇಲಿ ಎಷ್ಟ್ ದಿನ ಓಡ್ಸೋದು? ಇವತ್ತು ನಿಮ್ ಗಾಡಿ ಬಿದ್ದಂಗೆ ನಾಳೆ ನಂದೂ ಬೀಳುತ್ತೆ. ಸ್ವಂತಕ್ಕೆ ಒಂದ್ ಟ್ರ್ಯಾಕ್ ಹಾಕಿಸ್ಬಿಡ್ತೀನಿ. ಬೇರೆ ಸೈಟೆಲ್ಲ ಮಾರಾಗೋಯ್ತು, ಉಳಿದಿರೋದು ನೀವಿರೋ ಮೂಲೆ ಸೈಟೊಂದೇ. ಹಳೇ ಹೆಂಚಿನ ಮನೆ, ಕೆಡವೋದೇನ್ ಮಹಾ ಕೆಲಸ. ದೀಪಾವಳಿ ಕಳೀಲಿ, ಅಲ್ಲೀವರ್ಗೂ ನಿಮಗೆ ಟೈಮು. ಬೇರೆ ಕಡೆ ಒಂದ್ ಮನೆ ನೋಡ್ಕಳಿ."

ಅಂಜಿನಯ್ಯ ತಿರುಗಿ ಹೆಂಚಿನ ಮನೆಯ ಕಡೆ ನೋಡಿದ.

"ನೀವೇನೂ ಬೇಜಾರ್ ಮಾಡ್ಕೋಬೇಡಿ, ಎಲ್ಲೇ ಮನೆ ಮಾಡಿದ್ರೂ ಭಾನುವಾರ ಬಂದು ನಂಗೆ ಪಾಠ ಹೇಳ್ಬೇಕು. ಆ ಎಡ ಬಲದ್ದು ಇನ್ನೂ ತಲೆಗೆ ಹತ್ತಿಲ್ಲ. ಮತ್ತೆ, ಆ ನಲ್ಲಿ ಮಾತ್ರ ಕೀಳಿಸಲ್ಲ, ಕಾರು ತೊಳೆಯೋಕೆ ಬೇಕಾಗುತ್ತೆ" ಎಂದು ಅವನ ಬೆನ್ನು ತಟ್ಟಿ, ಕಪ್ಪನ್ನು ಎತ್ತಿ ಹಿಡಿದುಕೊಂಡು ಮುನಿವೆಂಕಟಪ್ಪನವರು ಗೇಟಿನೊಳಗೆ ಹೋದರು.

ಗಂಡ ಹೆಂಡತಿ ಇಬ್ಬರೂ ನಡುರಸ್ತೆಯಲ್ಲಿ ಉಳಿದರು. ಜನ ಕಡ್ಲೆಪುರಿ ತಿನ್ನುತ್ತ ಒಬ್ಬೊಬ್ಬರೇ ಚದುರುತ್ತಿದ್ದರು. ಮೊದಲು ಚೇತರಿಸಿಕೊಂಡವಳು ಇಂದ್ರಮ್ಮ.

"ರೀ, ಇನ್ನೂ ಎಲ್ರೂ ಇಲ್ಲೇ ಇದಾರೆ. ಓಡಿ, ಹೋಗಿ ಇನ್ನೊಂದ್ ರೇಸ್ ಇಡಿ ಅಂತ ಕೇಳಿ. ಈಗ್ಲೇ ಕೇಳಿ. ಈ ಸಲ ನೀವು ಗೆಲ್ಲಿ."

ಅಂಜಿನಯ್ಯ ಕೈಯಲ್ಲಿದ್ದ ಕಾರನ್ನು ತಿರುಗಿಸಿ ಅವಳಿಗೆ ತೋರಿಸಿದ. ಅದರ ಮುಂದಿನ ಎರಡು ಚಕ್ರಗಳೂ ಮೋರಿಯಲ್ಲೇ ಉಳಿದಿದ್ದವು.